ಗೀಸರ್ ಕೆಳಗಿನ ಜಾಡಿ

ಡಿಸೆಂಬರ್ ಮೊದಲ ಭಾನುವಾರ ಇವರು ಸೂರತ್‌ನಿಂದ ಮನೆಗೆ ಬಂದಾಗ ನಾನು ಬಾಗಿಲನ್ನು ಪೂರ್ತಿ ತೆಗೆಯಲಿಲ್ಲ. ಸರಪಳಿ ಹಾಕಿಯೇ ಇತ್ತು. ಸಂದಿಯಿಂದ, "ಬಾಯಿ ತೆಗೀರಿ" ಎಂದೆ. ಇವರು ಬ್ಯಾಗನ್ನು ಕೆಳಗಿಟ್ಟು, ಡಾಕ್ಟರ ಮುಂದೆ ಕೂತ ರೋಗಿಯ ಹಾಗೆ ಬಾಯಿ ತೆಗೆದು ಉಸಿರು ಬಿಟ್ಟರು. ಟೂತ್‌ಪೇಸ್ಟಿನ ವಾಸನೆ, ಅದರ ಹಿಂದೆ ರೈಲಿನ ಚಹಾದ ವಾಸನೆ. ಸರಪಳಿ ತೆಗೆದೆ.

ಅಂದಿನಿಂದ ಅದೇ ಪದ್ಧತಿಯಾಯಿತು. ಹಾಲು ತರಲು ಹೋಗಿ ಬಂದರೂ ಬಾಯಿ, ಆಫೀಸಿನಿಂದ ಬಂದರೂ ಬಾಯಿ. ನಾನು ಆಸ್ಪತ್ರೆಯ ಡ್ಯೂಟಿಯಲ್ಲಿದ್ದರೆ ಅತ್ತೆ ನೋಡಬೇಕು ಎಂದು ಹೇಳಿದ್ದೆ. ಅತ್ತೆ ನೋಡುತ್ತಿದ್ದರೋ ಇಲ್ಲವೋ, ನೋಡಿದೆ ಎಂದು ಹೇಳುತ್ತಿದ್ದರು. ಫತೇಗಂಜಿನ ನಮ್ಮ ಮನೆ ಮೂರನೇ ಮಹಡಿಯಲ್ಲಿದೆ. ಎದುರು ಮನೆಯ ಶಾರದಾಬೆನ್ ಹಗಲಿಡೀ ಬಾಗಿಲು ತೆರೆದಿಟ್ಟುಕೊಂಡೇ ಹಸಿ ತೊಗರಿ ಸುಲಿಯುತ್ತ ಕೂತಿರುತ್ತಾರೆ. ಅವರ ಕಣ್ಣೆದುರಿಗೇ ಐವತ್ತೊಂದು ವರ್ಷದ ಗಂಡಸು ಬಾಯಿ ತೆಗೆದು ನಿಲ್ಲುವುದು ನನಗೆ ಚೆನ್ನಾಗಿ ಕಾಣುತ್ತಿತ್ತು ಅಂತಲ್ಲ. ಆದರೆ ಇವರ ಕುಡಿತದ ಹದಿನಾರು ವರ್ಷ ನಾನು ನಿಂತದ್ದೂ ಎಲ್ಲರ ಕಣ್ಣೆದುರಿಗೇ.

ಇವರ ಹೆಸರು ಸುಕುಮಾರ. ಊರು ಗದಗ-ಬೆಟಗೇರಿ, ವಿಮಾ ಕಚೇರಿಯ ವರ್ಗಾವಣೆಯಿಂದ ವಡೋದರಾಕ್ಕೆ ಬಂದವರು. ಗುಜರಾತಿನಲ್ಲಿ ಕುಡಿಯುವುದೇ ಅಪರಾಧ. ಇಲ್ಲಿಗೆ ಬಂದರೆ ತಾನೇ ಬಿಟ್ಟುಹೋಗುತ್ತದೆ ಎಂದು ಅತ್ತೆ ದೇವರಿಗೆ ಸ್ತೋತ್ರ ಮಾಡಿದ್ದರು. ಬಿಟ್ಟುಹೋಗಲಿಲ್ಲ. ಇಲ್ಲಿ ಅದು ಪೊಟ್ಲಿ ಎನ್ನುವ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಸಿಗುತ್ತದೆ, ಅಷ್ಟೇ ವ್ಯತ್ಯಾಸ. ಮಾರ್ಚಿನಲ್ಲಿ ಪೊಲೀಸರು ರಸ್ತೆಯಲ್ಲಿ ಹಿಡಿದು ಕೂರಿಸಿದರು. ನಾನು ನರ್ಸಿನ ಸಮವಸ್ತ್ರದಲ್ಲೇ ಠಾಣೆಗೆ ಹೋಗಿ ಸಹಿ ಮಾಡಿ ಬಿಡಿಸಿಕೊಂಡು ಬಂದೆ. ಮಗಳು ನೇಹಾಳ ಹನ್ನೊಂದನೆಯ ತರಗತಿಯ ಕೊನೆಯ ಪರೀಕ್ಷೆ ಅವತ್ತು. ಅವಳು ಅಪ್ಪನೊಂದಿಗೆ ಮಾತು ಬಿಟ್ಟದ್ದು ಆ ದಿನದಿಂದ. ಸೆಪ್ಟೆಂಬರಿನಲ್ಲಿ ಇವರನ್ನು ಸೂರತ್‌ನ ಕುಡಿತ ಬಿಡಿಸುವ ಕೇಂದ್ರಕ್ಕೆ ಸೇರಿಸಿದೆವು. ಮೂರು ತಿಂಗಳ ನಂತರ ವಾಪಸು.

ಬಂದ ದಿನವೇ ಊಟದ ಮೇಜಿನಲ್ಲಿ ನನ್ನ ಷರತ್ತು ಹೇಳಿದೆ. ಹೊಸ ವರ್ಷದ ಆರಾಧನೆಯ ತನಕ ನೋಡುತ್ತೇನೆ. ಅಷ್ಟರೊಳಗೆ ಮನೆಯಲ್ಲಿ ಒಂದು ತೊಟ್ಟು ಕಂಡರೆ ಈ ಮನೆಯ ಬಾಗಿಲು ಇನ್ನು ತೆರೆಯುವುದಿಲ್ಲ. ಕಾಣದಿದ್ದರೆ ಅಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಮುಂದೆ ನಿಂತು ವರ್ಷಪೂರ್ತಿ ಮುಟ್ಟುವುದಿಲ್ಲ ಎಂದು ಮಾತು ಕೊಡಬೇಕು.

ಇವರು ರೊಟ್ಟಿ ಮುರಿಯುತ್ತ, "ವರ್ಷದ ಮಾತು ಕೊಡಾಕ ಬರಂಗಿಲ್ಲ ಇಂದಿರಾ. ಅಲ್ಲಿ ಕಲಿಸಿದ್ದು ಇವತ್ತಿಂದಷ್ಟ" ಎಂದರು.

"ಇವತ್ತಿಂದು ಅಂದ್ರ ನಾಳೆ ಕುಡೀಬಹುದು ಅಂತ ಅರ್ಥ ಏನ್ರಿ?"

ಇವರು ಇನ್ನೊಂದು ರೊಟ್ಟಿ ಮುರಿದರು. ನೇಹಾ ತಟ್ಟೆ ಎತ್ತಿಕೊಂಡು ಕೋಣೆಗೆ ಹೋದಳು.

ಕೆಲಸಗಳನ್ನು ಹಂಚಿದೆ. ಬಟ್ಟೆ ಒಗೆಯುವುದು ಇವರದು, ಬೆಳಗಿನ ಹಾಲು ಇವರದು, ಬಾಲ್ಕನಿಗೆ ಕ್ರಿಸ್ಮಸ್ ನಕ್ಷತ್ರ ಕಟ್ಟುವುದು ಯಾವತ್ತಿನಂತೆ ಇವರದೇ. ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯುವ ಕಟ್ಟೆ, ಅದರ ಪಕ್ಕ ವಾಷಿಂಗ್ ಮಷಿನ್, ಮಷಿನ್ ಮೇಲಿನ ಗೋಡೆಗೆ ಗ್ಯಾಸ್ ಗೀಸರ್. ಆ ಮೂಲೆ ಈಗ ಇವರ ರಾಜ್ಯ ಎಂದು ಅತ್ತೆ ನಕ್ಕರು. ಇವರೂ ನಕ್ಕರು. ಅಂಗಿಯ ಕಾಲರನ್ನು ಬ್ರಷ್‌ನಿಂದ ತಿಕ್ಕಿ ಒಗೆಯುತ್ತಿದ್ದರು, ನನಗಿಂತ ಚೆನ್ನಾಗಿ. ನೇಹಾ ಮಾತ್ರ ತನ್ನ ಬಟ್ಟೆಗಳನ್ನು ಬೇರೆ ಬಕೆಟ್ಟಿನಲ್ಲಿ ನೆನೆಸಿ ಸ್ನಾನದ ಮನೆಯಲ್ಲೇ ಒಗೆದುಕೊಳ್ಳುತ್ತಿದ್ದಳು.

ನಮ್ಮದು ಹದಿನಾಲ್ಕು ಮನೆಗಳ ಕನ್ನಡ ಕ್ರೈಸ್ತ ಸಭೆ. ತಿಂಗಳಿಗೆರಡು ಸಲ ಇಲ್ಲೇ ಒಂದು ಶಾಲೆಯ ಹಾಲ್‌ನಲ್ಲಿ ಸೇರುತ್ತೇವೆ, ಪಾದ್ರಿ ಅಯ್ಯನವರು ಅಹಮದಾಬಾದಿನಿಂದ ರೈಲಿನಲ್ಲಿ ಬರುತ್ತಾರೆ. ಕರ್ತನ ಭೋಜನಕ್ಕೆ ದ್ರಾಕ್ಷಾರಸ ಹೋಗುವುದು ನಮ್ಮ ಮನೆಯಿಂದ. ಮಾವನವರು ಬೆಟಗೇರಿಯ ದೇವಾಲಯದಲ್ಲಿ ಮೂವತ್ತು ವರ್ಷ ಗಂಟೆ ಬಾರಿಸಿ, ಬೆಂಚು ಒರೆಸಿದವರು. ಅಲ್ಲಿಯ ದ್ರಾಕ್ಷಾರಸದ ಪಾತ್ರೆ ತುಂಬಿಸುತ್ತಿದ್ದುದು ಅತ್ತೆ ಮಾರ್ಥವ್ವನವರ ಕೈ. ಇಲ್ಲಿಗೆ ಬಂದ ಮೇಲೂ ಅದು ಅವರದೇ ಹಕ್ಕು.

ಈ ಸಲ ಅಯ್ಯನವರು ನನಗೆ ಫೋನ್ ಮಾಡಿ, ಹುಳಿ ಬರಿಸಿದ ರಸ ಬೇಡ, ಒಣದ್ರಾಕ್ಷಿ ಕುದಿಸಿ ಸೋಸಿದ ರಸ ಸಾಕು ಎಂದರು. ಸುಕುಮಾರ ಕೂಡ ಎಲ್ಲರ ಜೊತೆ ಪಾತ್ರೆಯಲ್ಲಿ ಪಾಲು ತೆಗೆದುಕೊಳ್ಳಲಿ ಎಂಬುದು ಅವರ ಇಚ್ಛೆ. ಅತ್ತೆಗೆ ಹೇಳಿದೆ. ಅವರು ಗೋಧಿ ಹಸನು ಮಾಡುತ್ತಿದ್ದರು.

"ಕುದಿಸಿದ್ದು ರಸ ಅಲ್ಲವಾ, ಮದಿವಿ ಮನಿ ಶರಬತ್ತು. ನಾ ಹದಿನೆಂಟು ವರ್ಷದಾಕಿ ಇದ್ದಾಗಿಂದ ಪಾತ್ರಿ ತುಂಬೀನಿ. ಈಗ ಸಭಾದವರಿಗೆ ಶರಬತ್ತು ಕುಡಸ್ಲೇನು?"

"ನಿಮ್ಮ ಮಗನ ಸಲುವಾಗಿ ಅತ್ತಿ."

"ಅವನ ಸಲುವಾಗಿ ಅವರಪ್ಪನ ಪದ್ಧತಿ ಬಿಡಬೇಕಾತು ಅನ್ನು" ಎಂದು ಮೊರವನ್ನು ಕೊಡವಿದರು. ಅಲ್ಲಿಗೆ ಮಾತು ಮುಗಿಯಿತು ಎಂದುಕೊಂಡೆ. ಕ್ರಿಸ್ಮಸ್ ಕರ್ಚಿಕಾಯಿಗೆ ಎಂದು ಅವರು ಒಂದು ಕಿಲೋ ಕಪ್ಪು ಒಣದ್ರಾಕ್ಷಿ ಬರೆಸಿದಾಗ, ಇಷ್ಟು ಯಾಕೆ ಎಂದು ಕೇಳಲು ನನಗೆ ಪುರಸೊತ್ತಿರಲಿಲ್ಲ.

ಎರಡು ವಾರ ಕಳೆಯಿತು. ಇವರು ತಪ್ಪದೆ ಆಫೀಸಿಗೆ ಹೋಗಿ ತಪ್ಪದೆ ಬಂದರು. ಮೂರನೇ ವಾರದಲ್ಲಿ ಊಟದ ಹೊತ್ತಿಗೆ ಮೌನವಾಗತೊಡಗಿದರು. ಸಾರಿಗೆ ಉಪ್ಪು ಕಡಿಮೆಯಾದರೂ ಹೇಳುತ್ತಿರಲಿಲ್ಲ. ಬಟ್ಟೆ ಒಗೆಯಲು ಹೋದವರು ಕೈ ನಡುಗಿಸಿಕೊಂಡು ಬಂದು ಕೂರುತ್ತಿದ್ದರು. ನಾನು ನರ್ಸ್, ಕೈ ನಡುಗುವುದನ್ನು ದಿನಾ ನೋಡುವವಳು. ಬಾಗಿಲಲ್ಲಿ ಎರಡೆರಡು ಸಲ ಮೂಸಿದೆ. ಏನೂ ಸಿಗಲಿಲ್ಲ. ಸಿಗದಿದ್ದಾಗ ಅನುಮಾನ ಕಡಿಮೆಯಾಗಬೇಕಿತ್ತು, ನನಗೆ ಹೆಚ್ಚಾಯಿತು.

ಇಪ್ಪತ್ತೊಂದನೇ ತಾರೀಕು ಮಧ್ಯಾಹ್ನ ಶಾರದಾಬೆನ್ ಮೆಟ್ಟಿಲಲ್ಲಿ ನನ್ನನ್ನು ತಡೆದು, ನಿಮ್ಮ ಹಿಂದಿನ ಕಿಟಕಿಯಿಂದ ಏನೋ ಹುಳಿ ವಾಸನೆ ಬರುತ್ತಿದೆ, ಏನಾದರೂ ಹಾಳಾಗಿದೆಯೇ ನೋಡಿ ಎಂದು ಗುಜರಾತಿಯಲ್ಲಿ ಮೆಲ್ಲಗೆ ಹೇಳಿದರು. ಮೆಲ್ಲಗೆ ಹೇಳಿದ್ದರಿಂದಲೇ ನಾನು ಉಳಿದ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದೆ. ನಾನು ಮನೆಯೊಳಗೆ ಕಾಲಿಡುವಷ್ಟರಲ್ಲಿ ನೇಹಾ ಹಿಂದಿನ ಮೂಲೆಯಲ್ಲಿ ಮೊಣಕಾಲೂರಿ ಕೂತಿದ್ದಳು. ಅವಳಿಗೂ ವಾಸನೆ ಬಡಿದಿತ್ತು.

"ಮಮ್ಮಿ, ಇಲ್ಲಿ ಬಾ. ದೇಖೋ, ಪಪ್ಪಾ ಏನು ಮಾಡಿದಾರೆ."

ಮಷಿನ್ ಹಿಂದೆ, ಗೀಸರ್ ಕೆಳಗಿನ ಬೆಚ್ಚನೆಯ ಜಾಗದಲ್ಲಿ, ಹಳೆ ಗೋಣಿಚೀಲ ಸುತ್ತಿದ ಒಂದು ಪ್ಲಾಸ್ಟಿಕ್ ಜಾಡಿ. ನಮ್ಮ ಮನೆಯದಲ್ಲ, ಹೊಸದು. ಬಾಯಿಗೆ ಕಟ್ಟಿದ ಬಿಳಿ ಅರಿವೆ ಪಕ್ಕಕ್ಕೆ ಬಿದ್ದಿತ್ತು, ನೇಹಾಳ ಕೈಯಲ್ಲಿ ಕತ್ತರಿ ಇತ್ತು. ಒಳಗೆ ಕಡುಕೆಂಪು, ಮೇಲೆ ನೊರೆ. ಆ ವಾಸನೆಗೆ ನಾನು ಹೆಸರು ಹುಡುಕಬೇಕಾಗಿರಲಿಲ್ಲ.

ಇವರು ಸಂಜೆ ಆರೂವರೆಗೆ ಬಂದರು. ಬಾಗಿಲಲ್ಲಿ ಬ್ಯಾಗು ಇಟ್ಟು ಬಾಯಿ ತೆಗೆದರು. ನಾನು ಮೂಸಲಿಲ್ಲ. ಒಳಗೆ ಕರೆದು, ಮೇಜಿನ ಮೇಲಿಟ್ಟ ಜಾಡಿ ತೋರಿಸಿದೆ. ಅತ್ತೆ ಮೇಜಿನ ಆ ತುದಿಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದವರು ಸುಲಿಯುವುದನ್ನು ನಿಲ್ಲಿಸಿದರು.

"ಇದು ಯಾರದು?"

"ನಂದಲ್ಲ" ಎಂದರು ಇವರು.

"ಆ ಮೂಲಿ ಯಾರದು? ಆ ಮಷಿನ್ ಹಿಂದ ಕೈ ಹಾಕಾವ್ರು ಯಾರು? ನಾನಾ? ಎದ್ದು ನಿಂತ್ರ ಗ್ವಾಡಿ ಹಿಡಿಯೋ ನಿಮ್ಮವ್ವನಾ? ಇಲ್ಲಾ ನೇಹಾನಾ?"

ಇವರು ಜಾಡಿಯನ್ನು ನೋಡಿದರು. ಆಮೇಲೆ ಅತ್ತೆಯ ಕಡೆ ಒಮ್ಮೆ ನೋಡಿದರು. ಅತ್ತೆಯ ಕಣ್ಣು ಬೆಳ್ಳುಳ್ಳಿಯ ಮೇಲಿತ್ತು. 

"ಮಾತಾಡ್ರಿ. ಪೊಲೀಸರು ಬಂದ್ರ ಈ ಸಲ ಮನಿಗೇ ಬರತಾರ. ಮಗಳ ಬೋರ್ಡ್ ಪರೀಕ್ಷಾ ಎರಡು ತಿಂಗಳದಾಗ ಐತಿ. ನನ್ನ ನೌಕರಿ ಐತಿ. ಮನ್ಯಾಗ ಭಟ್ಟಿ ಇಳಸ್ತೀರಿ?"

"ಇನ್ನ ಹೇಳೂದು ಏನಿಲ್ಲ" ಎಂದರು.

ನಾನು ಜಾಡಿಯನ್ನು ಎತ್ತಿಕೊಂಡು ಹೋಗಿ ಪಾತ್ರೆ ಕಟ್ಟೆಯಲ್ಲಿ ಬಗ್ಗಿಸಿದೆ. ಬಿಳಿ ಟೈಲ್ಸ್ ಮೇಲೆ ಕೆಂಪು ಹರಡಿತು, ಒಣದ್ರಾಕ್ಷಿ, ಲವಂಗ, ಊದಿದ ಗೋಧಿ ಕಾಳುಗಳು ಜಾಲರಿಗೆ ಸಿಕ್ಕಿ ನಿಂತವು. ಪೂರ್ತಿ ನಲ್ಲಿ ಬಿಟ್ಟೆ. ಗೋಧಿಯನ್ನು ಕಣ್ಣಾರೆ ಕಂಡೆ. ಪೊಟ್ಲಿ ಕುಡಿಯುವ ಮನುಷ್ಯ ರಸಕ್ಕೆ ಒಂದು ಹಿಡಿ ಗೋಧಿ ಯಾಕೆ ಹಾಕುತ್ತಾನೆ ಎಂಬ ಯೋಚನೆ ಬರಲಿಲ್ಲ. ಬರದಷ್ಟು ಸಿಟ್ಟಿತ್ತು.

ಇವರು ಸೂರತ್‌ನಿಂದ ತಂದಿದ್ದ ಅದೇ ಬ್ಯಾಗಿಗೆ ಎರಡು ಜೊತೆ ಬಟ್ಟೆ ತುಂಬಿಕೊಂಡರು. ಎಲ್ಲಿಗೆ ಎಂದು ಕೇಳಬಾರದು ಎಂದಿದ್ದೆ, ಬಾಯಿ ತಪ್ಪಿ ಕೇಳಿದೆ. ಅಹಮದಾಬಾದಿನ ವಸ್ತ್ರಾಪುರದಲ್ಲಿ ರಾಮಚಂದ್ರ ಎಂಬವರಿದ್ದಾರೆ, ಅಲ್ಲಿಂದಲೇ ಆಫೀಸಿಗೆ ಓಡಾಡುತ್ತೇನೆ ಎಂದರು. ರಾಮಚಂದ್ರ ಹಾಸನದ ಕಡೆಯವರು, ಬಾಹ್ಯಾಕಾಶ ಸಂಸ್ಥೆಯಲ್ಲಿದ್ದು ನಿವೃತ್ತರಾದವರು. ಕುಡಿತ ಬಿಟ್ಟು ಹನ್ನೊಂದು ವರ್ಷವಾಗಿದೆ. ಸೂರತ್‌ನ ಕೇಂದ್ರಕ್ಕೆ ಬಂದು ಮಾತಾಡುತ್ತಿದ್ದವರು. ಬಾಗಿಲು ದಾಟುವಾಗ ಇವರು ಅತ್ತೆಯ ಕಾಲು ಮುಟ್ಟಿದರು. ಅತ್ತೆ ಮಗನ ತಲೆಯ ಮೇಲೆ ಕೈಯಿಟ್ಟು, ಹಾಗೆಯೇ ಇಟ್ಟುಕೊಂಡಿದ್ದರು, ನಾನು ಬಾಗಿಲು ಹಿಡಿದು ನಿಂತದ್ದು ಕಂಡ ಮೇಲೆ ತೆಗೆದರು.

ಕ್ರಿಸ್ಮಸ್ ಬಂತು. ಬಾಲ್ಕನಿಯಲ್ಲಿ ಇವರು ಕಟ್ಟಿದ ನಕ್ಷತ್ರ ನೇತಾಡುತ್ತಿತ್ತು, ಯಾರೂ ಸ್ವಿಚ್ ಹಾಕಲಿಲ್ಲ. ನಾನು ಬೇಕೆಂದೇ ಎರಡು ಪಾಳಿ ಡ್ಯೂಟಿ ತೆಗೆದುಕೊಂಡೆ. ಅತ್ತೆ ಕರ್ಚಿಕಾಯಿಗೆ ಹಿಟ್ಟು ಕಲಸಲೇ ಇಲ್ಲ. ಗಂಜಿ ಸಾಕು ಎಂದರು, ಅದನ್ನೂ ಅರ್ಧ ಬಿಟ್ಟರು. ಬಿಪಿ ನೋಡಿದೆ, ಸರಿಯಿತ್ತು. ಮಗ ಇಲ್ಲದ ಸಂಕಟ ಎಂದುಕೊಂಡು, ಸಾಕಿ ಕೆಡಿಸಿದ್ದು ನೀವೇ, ಈಗ ಗಂಜಿ ಬಿಟ್ಟರೆ ಏನು ಬಂತು ಎಂದುಬಿಟ್ಟೆ. ಅತ್ತೆ ಎದುರಾಡಲಿಲ್ಲ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರು ನನಗೆ ಎದುರಾಡದಿದ್ದುದು ಅದೇ ಮೊದಲು. ನಾನು ಆಗಲೇ ಎಚ್ಚರಗೊಳ್ಳಬೇಕಿತ್ತು.

ಮಷಿನ್ ಪಕ್ಕ ಬಟ್ಟೆ ರಾಶಿ ಬಿತ್ತು. ಯಾರೂ ಆ ಮೂಲೆಗೆ ಹೋಗುತ್ತಿರಲಿಲ್ಲ.

ಮೂವತ್ತೊಂದರ ಬೆಳಿಗ್ಗೆ ನಾನು ಒಣದ್ರಾಕ್ಷಿ ಕುದಿಸಿ ರಸ ಮಾಡಿದೆ. ಸೋಸುವ ಅರಿವೆಯ ಒಂದು ತುದಿ ಹಿಡಿಯಲು ಅತ್ತೆಯನ್ನು ಕರೆದೆ. ಬಂದು ಹಿಡಿದರು. ಕೈಯಲ್ಲಿ ಶಕ್ತಿಯಿರಲಿಲ್ಲ. ರಾತ್ರಿ ಆರಾಧನೆಗೆ ಯಾವ ಸೀರೆ ಉಡುತ್ತೀರಿ ಎಂದು ಕೇಳಿದೆ.

"ನಾ ಬರಂಗಿಲ್ಲವಾ. ಈ ಸಲ ಪಾತ್ರಿ ಮುಟ್ಟಂಗಿಲ್ಲ."

"ಯಾಕ? ಶರಬತ್ತು ಅಂತನಾ?"

ಅತ್ತೆ ಅರಿವೆಯ ತುದಿಯನ್ನು ಬಿಡದೆ, ರಸ ಇಳಿಯುವುದನ್ನೇ ನೋಡುತ್ತ ಹೇಳಿದರು. "ಆ ಜಾಡಿ ನಂದು."

ನಾನು ಅರಿವೆಯಿಂದ ಕಣ್ಣೆತ್ತಿ ಅವರನ್ನು ನೋಡಿದೆ.

"ಶಾರದಾಬೆನ್ ಕಡಿಂದ ಜಾಡಿ ತರಿಸಿದೆ, ಉಪ್ಪಿನಕಾಯಿಗೆ ಅಂತ. ನೀ ಡ್ಯೂಟಿಗೆ ಹ್ವಾದ ಮ್ಯಾಲೆ ಗ್ವಾಡಿ ಹಿಡಕೊಂಡು ಹೋಗಿ ಇಟ್ಟೆ. ಥಂಡಿಗೆ ಹುಳಿ ಬರೂದಿಲ್ಲಂತ ಗೀಸರ್ ಕೆಳಗ ಇಟ್ಟೆ. ಅಯ್ಯನವರಿಗೆ ಕೊನೀ ಗಳಿಗ್ಯಾಗ ಕೊಟ್ರ ಬ್ಯಾಡ ಅನ್ನಂಗಿಲ್ಲ ಅಂದುಕೊಂಡೆ. ಅವರಪ್ಪನ ರಸ ಅದು."

"ನಿಮ್ಮ ಮಗ ಬಟ್ಟಿ ಒಗಿಯೋ ಜಾಗದಾಗ ಇಟ್ರಿ?"

"ಅದು ನನ್ನ ತಲ್ಯಾಗ ಬರಲಿಲ್ಲ ಇಂದ್ರಾ. ದೇವರಾಣೆ ಬರಲಿಲ್ಲ. ನನಗದು ಪಾತ್ರಿ ರಸ, ಕುಡಿಯೋದು ಅಲ್ಲ."

"ಅವತ್ತು ಯಾಕ ಹೇಳಲಿಲ್ಲ?"

"ನಿನ್ನ ಮಾರಿ ನೋಡಿ ಅಂಜಿದೆ. ನನ್ನನ್ನೂ ಹೊರಗ ಹಾಕ್ತಿ ಅನಿಸ್ತು." ಸಡಿಲವಾದ ತುದಿಯನ್ನು ಮತ್ತೆ ಹಿಡಿದು, "ಅವಗ ಗೊತ್ತಾತು. ಗೊತ್ತಾಗಿ ಸುಮ್ಮನಾದ. ಅವನ ಕುಡತಕ್ಕ ನಾ ಇಷ್ಟು ವರ್ಷ ಅತ್ತಿದ್ದೆ. ಅವನ ಬಾಯಿ ಮುಚ್ಚಿದ್ದಕ್ಕ ಈಗ ಅಳಾಕತ್ತೀನಿ" ಎಂದರು.

ಅರಿವೆ ಜಾರಿ ಪಾತ್ರೆಗೆ ಬಿತ್ತು. ಇಬ್ಬರೂ ಎತ್ತಲಿಲ್ಲ. ಹಿಂದೆ ನೇಹಾ ಬಂದು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಮಮ್ಮಿ, ದಾರ ಟೈಟ್ ಇತ್ತು. ಏಳೆಂಟು ಸುತ್ತು. ನಾನೇ ಕಟ್ ಮಾಡಿದ್ದು. ಯಾರೂ ತೆಗೆದಿರಲಿಲ್ಲ ಅಂತ ನನಗೆ ಗೊತ್ತಿತ್ತು."

"ಗೊತ್ತಿದ್ದೂ?"

"ಹೇಳಬೇಕು ಅನ್ನಿಸಲಿಲ್ಲ. ಗುಸ್ಸಾ ಇತ್ತು" ಎಂದಳು. ನನ್ನ ಸಿಟ್ಟಿನ ಮಾತನ್ನೇ ಅವಳ ಬಾಯಿಂದ ಕೇಳಿದ ಹಾಗಾಯಿತು.

ಇವರಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಬಟ್ಟೆ ತುಂಬಿಕೊಳ್ಳುವಾಗ ಇವರು ಚೀಟಿಯಲ್ಲಿ ಬರೆದಿಟ್ಟು ಹೋಗಿದ್ದ ನಂಬರಿಗೆ ಮಾಡಿದಾಗ ರಾಮಚಂದ್ರ ಎತ್ತಿದರು. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

"ನನಗೆ ಗೊತ್ತಮ್ಮ, ಸುಕುಮಾರ ಹೇಳಿದ" ಎಂದರು. "ನೀವು ನೋಡೋಕೆ ನಾಲ್ಕು ದಿನ ಮುಂಚೆನೇ ಅವನಿಗೆ ಕಂಡಿತ್ತಂತೆ. ಚೆಲ್ಲಿದರೆ ತಾಯಿಗೆ ನೋವು, ಹೇಳಿದರೆ ನಿಮ್ಮಿಬ್ಬರ ಮಧ್ಯೆ ಬೆಂಕಿ. ನಾಲ್ಕು ದಿನ ಅದರ ಪಕ್ಕ ನಿಂತು ಬಟ್ಟೆ ಒಗೆದಿದ್ದಾನೆ. ನಾನಾಗಿದ್ದರೆ ಎರಡನೇ ದಿನಕ್ಕೇ ದಾರ ಬಿಚ್ಚಿರ್ತಿದ್ದೆ."

"ಫೋನ್ ಅವರ ಕೈಗೆ ಕೊಡ್ರಿ."

ರಾಮಚಂದ್ರ ಹೇಳಿದರು. "ನಿನ್ನೆ ಆಫೀಸಿಂದ ಬರಲಿಲ್ಲ. ರಾತ್ರಿಯೂ ಬರಲಿಲ್ಲ. ನಾನೂ ಹುಡುಕ್ತಾ ಇದೀನಿ."

"ಕುಡಿದಿರಬಹುದಾ?"

"ಇರಬಹುದು. ಇಲ್ಲದೆಯೂ ಇರಬಹುದು. ಹನ್ನೊಂದು ವರ್ಷದ ನನ್ನ ಬಗ್ಗೆನೇ ನಾನು ಸಂಜೆಯ ತನಕ ಖಾತ್ರಿ ಕೊಡಲಾರೆ."

ಆಫೀಸಿಗೆ ಮಾಡಿದರೆ ಯಾರೂ ಎತ್ತಲಿಲ್ಲ. ನೇಹಾ ಸ್ಕೂಟಿಯಲ್ಲಿ ಸ್ಟೇಷನ್ನಿನ ತನಕ ಹೋಗಿ ಎಲ್ಲ ಪ್ಲಾಟ್‌ಫಾರ್ಮ್ ನೋಡಿ ಬಂದಳು. ರಸ್ತೆಯುದ್ದಕ್ಕೂ ಉತ್ತರಾಯಣ ಹಬ್ಬದ ಗಾಳಿಪಟಕ್ಕೆ ಗಾಜಿನ ಪುಡಿ ಹಚ್ಚಿ ದಾರ ಮಸೆಯುತ್ತಿದ್ದಾರೆ, ಕತ್ತಿಗೆ ದುಪಟ್ಟಾ ಸುತ್ತಿಕೊಂಡು ಹೋಗಿದ್ದೆ ಎಂದಷ್ಟೇ ಹೇಳಿ ಕೋಣೆಗೆ ಹೋದಳು.

ರಾತ್ರಿ ಹತ್ತಕ್ಕೆ ಆರಾಧನೆ. ರಸದ ಬಾಟಲಿ ತಲುಪಿಸಲೇಬೇಕಿತ್ತು, ಒಬ್ಬಳೇ ಮನೆಯಲ್ಲಿರಲಾರೆ ಎಂದು ಅತ್ತೆಯೂ ಹೊರಟರು, ಮೂವರೂ ಹೋದೆವು. ಕೊನೆಯ ಸಾಲಿನಲ್ಲಿ ಕೂತೆವು. ನೇಹಾ ಪಕ್ಕದ ಕುರ್ಚಿಯ ಮೇಲೆ ತನ್ನ ಚೀಲ ಇಟ್ಟು ಯಾರಿಗೂ ಕೂರಲು ಬಿಡಲಿಲ್ಲ. ಅಯ್ಯನವರು ಹೊಸ ವರ್ಷದಲ್ಲಿ ಹೊಸ ಮನುಷ್ಯರಾಗುವ ಬಗ್ಗೆ ಮಾತಾಡಿದರು. ಬದಲಾಗಬೇಕಾದವನು ಯಾರು ಎಂದು ಈ ತಿಂಗಳೆಲ್ಲ ನನಗೆ ಖಚಿತವಿತ್ತು. ಅವನು ಆ ಖಾಲಿ ಕುರ್ಚಿಯಲ್ಲಿ ಇರಲಿಲ್ಲ, ಇದ್ದವರು ನಾವು ಮೂವರು.

ಹನ್ನೆರಡು ಬಡಿದ ಮೇಲೆ ಕರ್ತನ ಭೋಜನ. ಮನಸ್ಸಿನಲ್ಲಿ ಜಗಳ ಇಟ್ಟುಕೊಂಡವರು ಮೊದಲು ಸಮಾಧಾನ ಮಾಡಿಕೊಂಡು ಬನ್ನಿ ಎಂದು ಅಯ್ಯನವರು ಯಾವಾಗಲೂ ಹೇಳುವುದನ್ನು ಹೇಳಿದರು. ಅತ್ತೆ ಏಳಲಿಲ್ಲ. ನಾನೂ ಏಳಲಿಲ್ಲ. ನಾನೇ ಕುದಿಸಿ, ನಾನೇ ಸೋಸಿದ ರಸ ಎಲ್ಲರ ಬಾಯಿಗೂ ಹೋಯಿತು, ನನ್ನ ಬಾಯಿಗೆ ಹೋಗಲಿಲ್ಲ. ಅತ್ತೆಯ ಕೈ ನನ್ನ ಮಡಿಲಿಗೆ ಬಂತು. ಹಿಡಿದುಕೊಂಡೆ. ಸಿಟ್ಟು ಹೋಗಿತ್ತು ಅಂತಲ್ಲ, ಆ ಕೈ ತಣ್ಣಗಿತ್ತು.

ಕೊನೆಗೆ ಬುಟ್ಟಿಯಿಂದ ಪ್ರತಿಯೊಬ್ಬರೂ ಹೊಸ ವರ್ಷಕ್ಕೆಂದು ಒಂದು ಬೈಬಲ್ ವಚನದ ಚೀಟಿ ಎತ್ತುವ ಪದ್ಧತಿ. ನೇಹಾ ಎರಡು ಎತ್ತಿದಳು. ಮನೆಗೆ ಬಂದು ಒಂದನ್ನು, ಓದದೆಯೇ, ಫ್ರಿಜ್ ಮೇಲೆ ಅಯಸ್ಕಾಂತದಿಂದ ಅಂಟಿಸಿದಳು. ಆಮೇಲೆ ಬಾಲ್ಕನಿಗೆ ಹೋಗಿ ನಕ್ಷತ್ರದ ಸ್ವಿಚ್ ಹಾಕಿದಳು.

ಬೆಳಿಗ್ಗೆ ಒಂಬತ್ತು ಗಂಟೆಗೆ ಕಾಲಿಂಗ್ ಬೆಲ್ ಆಯಿತು. ಸರಪಳಿ ಹಾಕಿಯೇ ಇತ್ತು, ಸಂದಿಯಿಂದ ಇವರನ್ನು ಕಂಡೆ. ಅಂಗಿ ಮುದುಡಿತ್ತು. ಕಣ್ಣು ಕೆಂಪಗಿದ್ದವು. ಎರಡು ದಿನದ ಗಡ್ಡ. ಹದಿನಾರು ವರ್ಷ ಇದೇ ಮುಖಕ್ಕೆ ಬಾಗಿಲು ತೆಗೆದಿದ್ದೇನೆ, ಅದು ಯಾವುದರ ಮುಖ ಎಂದು ನನಗೆ ಗೊತ್ತು. ನಿದ್ದೆಯಿಲ್ಲದ ಮುಖವೂ ಹಾಗೆಯೇ ಇರುತ್ತದೆ ಎಂಬುದೂ ಗೊತ್ತು, ನಾನು ರಾತ್ರಿ ಪಾಳಿಯವಳು.

ಇವರು ಬ್ಯಾಗನ್ನು ಕೆಳಗಿಟ್ಟರು. ಬಾಯಿ ತೆಗೆದರು. ಎದುರು ಬಾಗಿಲಲ್ಲಿ ಶಾರದಾಬೆನ್ ತೊಗರಿ ಸುಲಿಯುತ್ತಿದ್ದವರು ತಲೆ ತಗ್ಗಿಸಿಕೊಂಡರು.

ನಾನು ಸರಪಳಿ ತೆಗೆದು, ಬೆನ್ನು ಹಾಕಿ ಅಡುಗೆಮನೆಯ ಕಡೆ ನಡೆದೆ.

"ನೋಡಂಗಿಲ್ಲೇನು?" ಹಿಂದಿನಿಂದ ಕೇಳಿದರು.

"ಇಲ್ಲ. ಉಪ್ಪಿಟ್ಟು ಆರತೈತಿ, ಬರ್ರಿ."

"ಕುಡಿದು ಬಂದಿದ್ರ?"

ನಾನು ತಿರುಗಲಿಲ್ಲ. ತಿರುಗಿದ್ದರೆ ಮೂಸುತ್ತಿದ್ದೆ. "ಕೈ ತೊಳಕೊಂಡು ಬರ್ರಿ. ಅತ್ತಿ ನಿನ್ನೆ ಎಲ್ಲಾ ಹೇಳ್ಯಾರ. ನಾ ತಪ್ಪು ಮಾಡೇನಿ."

ಇವರು ಬೂಟು ಬಿಚ್ಚುವ ಸದ್ದು ಕೇಳಿಸಿತು. ಅತ್ತೆ ಗೋಡೆ ಹಿಡಿದು ಕೋಣೆಯಿಂದ ಬಂದರು. ತಾಯಿ ಮಗ ಏನು ಮಾತಾಡಿದರೋ, ಚಟ್ನಿಗೆ ಒಗ್ಗರಣೆ ಹಾಕುತ್ತಿದ್ದ ನನಗೆ ಪೂರ್ತಿ ಕೇಳಲಿಲ್ಲ. ಅತ್ತೆ ಅಳುತ್ತಿದ್ದರು. ಇವರು, ಇರಲಿ ಬಿಡಬೇ, ಇರಲಿ ಬಿಡು ಎನ್ನುತ್ತಿದ್ದರು. ನೇಹಾ ಬಂದು ಅಪ್ಪನ ಎದುರಿನ ಕುರ್ಚಿಯಲ್ಲಿ ಕೂತಳು. ಚಟ್ನಿಯ ಬಟ್ಟಲನ್ನು ಅಪ್ಪನ ಕಡೆ ಸರಿಸಿದಳು.

ಆರಾಧನೆಯಲ್ಲಿ ಮಿಕ್ಕಿದ ರಸ ಫ್ರಿಜ್‌ನಲ್ಲಿತ್ತು. ನಾಲ್ಕು ಸಣ್ಣ ಸ್ಟೀಲ್ ಲೋಟಗಳಿಗೆ ಹಾಕಿ ತಂದಿಟ್ಟೆ. ಅತ್ತೆ ಲೋಟವನ್ನು ಮುಟ್ಟದೆ ಮಗನನ್ನೇ ನೋಡುತ್ತಿದ್ದರು. ನಾನೂ ಮುಟ್ಟಲಿಲ್ಲ.

ಇವರು ಲೋಟ ಎತ್ತಿದರು. ಕುಡಿಯಲಿಲ್ಲ. ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ನಿಧಾನವಾಗಿ ಮೂಸಿದರು. ಮತ್ತೊಮ್ಮೆ ಮೂಸಿದರು. ಅಡುಗೆಮನೆಯ ಬಾಗಿಲಲ್ಲಿ ಬರಿಗೈಯಲ್ಲಿ ನಿಂತು ನಾನು ಕಾದೆ.

"ಎರಡು ಸಲ ಕುದಿಸೀನಿ" ಎಂದೆ.

ಇವರು ಕಣ್ಣು ತೆರೆದು ನನ್ನನ್ನು ನೋಡಿದರು. ಆಮೇಲೆ ಕುಡಿದರು.